ಗಾಜಿನ ಆ ಕಡೆ ಅಜ್ಜಿ

ಗಂಡ ತೀರಿಕೊಂಡ ಎರಡನೇ ವಾರಕ್ಕೇ ಸೊಸೆ ಕೆಲಸಕ್ಕೆ ಹೋದಳು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬೆಡ್‌ಶೀಟುಗಳಿಗೆ ಇಸ್ತ್ರಿ ಹಾಕುವ ಕೆಲಸ. ಯಂತ್ರದ ಉರುಳೆಗಳ ನಡುವೆ ಒದ್ದೆ ಬಟ್ಟೆಯ ಅಂಚು ಕೊಟ್ಟರೆ ಆ ಕಡೆಯಿಂದ ಬಿಸಿಬಿಸಿಯಾಗಿ ಹೊರಬರುತ್ತಿತ್ತು, ಮಡಚಿ ಇಡುತ್ತಿದ್ದಳು. ಒಂದು ಸಲ ಅತ್ತುಬಿಡು, ಹಗುರಾಗುತ್ತೀಯ ಎಂದು ಜೊತೆಯವರು ಹೇಳಿ ಹೇಳಿ ಸುಮ್ಮನಾದರು. ಅವಳಿಗೆ ಅಳು ಬರಲಿಲ್ಲ. ಹಸಿವೂ ಅಷ್ಟೆ, ಹೊತ್ತಾಯಿತೆಂದು ಉಣ್ಣುತ್ತಿದ್ದಳು.

ಮನೆಯಲ್ಲಿ ಇದ್ದವರು ಅತ್ತೆ ಮತ್ತು ಮೂರು ವರ್ಷದ ಮಗಳು. ಹುಟ್ಟಿದಾಗ ಅಂಗೈಯಗಲ ಇದ್ದ ಕೂಸನ್ನು ಅತ್ತೆ ಬಟಾಣಿ ಎಂದು ಕರೆದಿದ್ದಳು, ಅದೇ ನಿಂತುಬಿಟ್ಟಿತು. ಬಟಾಣಿ ಅಜ್ಜಿಯ ಸೊಂಟದಿಂದ ಕೆಳಗಿಳಿದರೆ ಕೇಳಿ. ಆದರೆ ಒಬ್ಬಳ ಸಂಬಳದಲ್ಲಿ ಮೂವರ ಹೊಟ್ಟೆ, ಮೇಲೆ ಬಾಡಿಗೆ, ಆಗದ ಮಾತಾಯಿತು. ದುಡಿಯುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುವ ಖರ್ಚಿಗೆ ಸರ್ಕಾರ ನೆರವು ಕೊಡುತ್ತದೆಂದು ಯಾರೋ ಹೇಳಿದರು. ಸೊಸೆ ರಜೆ ಹಾಕಿ ಅತ್ತೆಯ ಜೊತೆ ಕಚೇರಿಗೆ ಹೋದಳು.

ಅಲ್ಲಿನ ಗುಮಾಸ್ತೆ ಒಳ್ಳೆಯವಳೇ. ಮಗುವನ್ನು ಡೇ ಕೇರಿಗೆ ಹಾಕಿದರೆ ಶುಲ್ಕದ ಬಹುಪಾಲು ಸರ್ಕಾರ ಕಟ್ಟುತ್ತದೆ, ಮನೆಯಲ್ಲಿ ಅಜ್ಜಿ ನೋಡಿಕೊಂಡರೆ ಏನೂ ಬರುವುದಿಲ್ಲ ಎಂದು ಬಿಡಿಸಿ ಹೇಳಿದಳು.

"ಅಲ್ಲಮ್ಮ, ನಾನು ಬೇರೆಯವರ ಮಕ್ಕಳನ್ನ ನೋಡ್ಕೊಂಡ್ರೆ?" ಎಂದಳು ಅತ್ತೆ.

"ಅದು ಕೆಲಸ, ಸಂಬಳ ಬರುತ್ತೆ. ಡೇ ಕೇರ್‌ನವರು ಜನ ಸಿಗದೆ ಒದ್ದಾಡ್ತಿದಾರೆ, ನೀವೇ ಸೇರ್ಕೊಳ್ಳಿ."

"ಹಾಗಾದ್ರೆ ಇವಳನ್ನೂ ಅಲ್ಲಿಗೇ ಹಾಕ್ತೀವಿ."

ಹಾಕಬಹುದಿತ್ತು. ಆದರೆ ಸ್ವಂತ ಮೊಮ್ಮಗಳಿರುವ ಕೋಣೆಯಲ್ಲಿ ಅಜ್ಜಿಗೆ ಕೆಲಸ ಕೊಡುವಂತಿಲ್ಲ. ನಿಯಮ ನಾನು ಮಾಡಿದ್ದಲ್ಲ ಎಂದು ಗುಮಾಸ್ತೆ ತಗ್ಗಿದ ದನಿಯಲ್ಲಿ ಹೇಳಿದಳು. ಅತ್ತೆ ಪಕ್ಕದ ಕೋಣೆಯ ಕೆಲಸಕ್ಕೆ ಒಪ್ಪಿದಳು, ಸೊಸೆ ಅರ್ಜಿಗೆ ಸಹಿ ಹಾಕಿದಳು.

ಡೇ ಕೇರಿನ ಎರಡು ಕೋಣೆಗಳ ನಡುವೆ ಗಾಜಿನ ಗೋಡೆ. ಮೊದಲ ವಾರವೆಲ್ಲ ಬಟಾಣಿ ಗಾಜು ಬಡಿದು ಗಂಟಲು ಕಟ್ಟುವವರೆಗೆ ಅತ್ತಳು. ಆ ಕಡೆ ತೊಡೆಯ ಮೇಲೆ ಯಾರದೋ ಎರಡು ಕೂಸುಗಳನ್ನಿಟ್ಟುಕೊಂಡ ಅಜ್ಜಿ ಬೆನ್ನು ತಿರುಗಿಸಿ ಕೂತಳು. ಸಂಜೆ ಅತ್ತೆ ಇದನ್ನೆಲ್ಲ ಹೇಳಿದಾಗ ಸೊಸೆ ಪಕ್ಕದ ಮನೆಯ ಸುದ್ದಿ ಕೇಳಿದಂತೆ ಕೇಳಿ, ಸರಿಹೋಗುತ್ತದೆ ಎಂದಳು.

ಸರಿಹೋಯಿತು ಕೂಡ. ಮೂರು ತಿಂಗಳಾಗಿರಬೇಕು, ಒಂದು ಸಂಜೆ ಪಾತ್ರೆ ತೊಳೆಯುತ್ತ ಅತ್ತೆ ಮಾತು ತೆಗೆದಳು.

"ಇವತ್ತು ನಾನೇ ಗಾಜು ತಟ್ಟಿದೆ ಕಣೆ."

"ಹೂಂ."

"ತಲೆ ಎತ್ತಿ ನೋಡಿದ್ಲು. ಬೇರೆ ಮಕ್ಕಳು ಕರೆಯೋ ಹಾಗೆ ಟೀಚರ್ ಅಂದ್ಲು. ಆಮೇಲೆ ಆಟಕ್ಕೆ ಹೋದ್ಲು."

ಏನಾದರೂ ಹೇಳಬೇಕೆಂದು ಸೊಸೆಗೆ ಗೊತ್ತಿತ್ತು. ಒಳಗೆ ತಡಕಾಡಿದಳು, ಕೈಗೇನೂ ಸಿಗಲಿಲ್ಲ. "ಒಳ್ಳೇದೇ ಆಯ್ತಲ್ಲ ಅತ್ತೆ," ಎಂದಳು.

"ಒಳ್ಳೇದೇ," ಎಂದು ಅತ್ತೆ ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು.

ನೆರವು ಇನ್ನೊಂದು ವರ್ಷಕ್ಕೆ ಮಂಜೂರಾಯಿತು. ಆ ಭಾನುವಾರ ಅತ್ತೆ ಬೆಳಗಾದರೂ ಹಾಸಿಗೆ ಬಿಟ್ಟಿರಲಿಲ್ಲ. ಬಟಾಣಿ ಡೇ ಕೇರಿನಲ್ಲಿ ಕಲಿಸಿದಂತೆ ಬಾಗಿಲ ಬಳಿ ಕೈಕಟ್ಟಿ ನಿಂತು, ಒಳಗೆ ಬರಲಾ ಎಂದು ಕೇಳಿದಳು. ಅತ್ತೆ ಹೊದಿಕೆ ಎತ್ತಿದಳು. ಮಗು ಕೊಂಚ ಯೋಚಿಸಿ, ಹೋಗಿ ಒಳಗೆ ತೂರಿಕೊಂಡಿತು. ನೋಡುತ್ತ ನಿಂತ ಸೊಸೆಗೆ ಅಳು ಬರುವ ಹಾಗೆ ಮೂಗಿನ ತುದಿ ಚುರ್ ಎಂದಿತು, ಅಷ್ಟೆ. ಮುಂದೇನೂ ಆಗಲಿಲ್ಲ. ಅವಳು ನೀರು ಕಾಯಿಸಲು ಹೋದಳು.