ಅರ್ಧ ಪಟ್ಟಿ

ತೀರಿಕೊಂಡ ದರ್ಜಿಯ ಪಾದ ಕಾಣಬೇಕೋ ಬಾರದೋ ಎಂಬುದು ಅಂದು ಇಡೀ ಪ್ರಾಂತ್ಯದ ಮಾನದ ಪ್ರಶ್ನೆಯಾಗಿತ್ತು. ಅವನೇ ಹೊಲಿದ, ಗಾಜಿನ ಪೆಟ್ಟಿಗೆಯಿಂದ ತೆಗೆದು ತಂದಿದ್ದ ಪ್ರಾಂತ್ಯದ ಮೊಟ್ಟಮೊದಲ ಬಾವುಟವನ್ನು ಸರ್ಕಾರಿ ಅಧಿಕಾರಿ ಹೊದಿಸಿ ಕೆಳಕ್ಕೆಳೆದರೆ ಎದೆ ಬಯಲಾಗುತ್ತಿತ್ತು, ಮೇಲಕ್ಕೆಳೆದರೆ ಪಾದ. ಎದೆಗೆ ಹಳದಿ, ಮಂಡಿಯವರೆಗೆ ನೀಲಿ, ಆಮೇಲೆ ಅರ್ಧಕ್ಕೇ ನಿಂತ ಹಸಿರು. ತನ್ನದೇ ಕತ್ತರಿಮೇಜಿನ ಮೇಲೆ ಮಲಗಿದ್ದ ದರ್ಜಿ ಅಳತೆ ಕೊಡಲು ಬಂದ ಗಿರಾಕಿಯಂತೆ ಸುಮ್ಮನಿದ್ದ.

“ಎದೆ ಮುಚ್ಚಿದ್ರೆ ಸಾಕಮ್ಮ. ಗೌರವ ಇರೋದೇ ಅಲ್ಲಿ,” ಎಂದ ಅಧಿಕಾರಿ.

“ಚಳಿ ಇರೋದು ಕಾಲಲ್ಲಿ ಕಣಪ್ಪ,” ಎಂದಳು ಹೆಂಡತಿ. “ಬೇಸಿಗೇಲೂ ಕಾಲುಚೀಲ ಹಾಕ್ಕೊಂಡು ಮಲಗ್ತಿದ್ದ ಮನುಷ್ಯ. ಊದಿರೋ ಕಾಲಿಗೆ ಈಗ ಅದೂ ಹತ್ತಲಿಲ್ಲ. ಹೀಗೇ ಹೇಗೆ ಕಳಿಸಲಿ?”

“ಊರಿಗೆಲ್ಲ ಅಳತೆ ತಪ್ಪದೆ ಹೊಲಿದ ಅಣ್ಣ, ತನಗೆ ಮಾತ್ರ ಗಿಡ್ಡ ಹೊಲ್ಕೊಂಡ,” ಎಂದು ನಾದಿನಿ ಕಣ್ಣೊರೆಸಿಕೊಂಡಳು.

“ಗಿಡ್ಡ ಅಲ್ಲಮ್ಮ! ಆ ಅರ್ಧ ಪಟ್ಟಿ ನಮ್ಮ ವಿನಯದ ಸಂಕೇತ. ಶಾಲೇಲಿ ಓದಿಲ್ವಾ?”

ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳು ಎಂದೇ ಎಲ್ಲರೂ ತಿಳಿದರು.

*

ಪ್ರಾಂತ್ಯ ಹುಟ್ಟುವ ಹಿಂದಿನ ದಿನ ಸಮಿತಿಯವರು ಬಟ್ಟೆ ಕೊಟ್ಟು, ಮೂರೂ ಪಟ್ಟಿ ಸಮ ಇರಲಿ ಎಂದು ಹೇಳಿ ಹೋಗಿದ್ದರು. ಹಸಿರು ಧಾರಾಳವಾಗಿದೆ ಎಂದುಕೊಂಡ ದರ್ಜಿ, ಮದುವೆಯಾದಾಗಿನಿಂದ ಹೆಂಡತಿ ಕೇಳುತ್ತಿದ್ದ ಕಿಟಕಿ ಪರದೆಯನ್ನು ಮೊದಲು ಹೊಲಿದು ಕಟ್ಟಿದ. ಆಮೇಲೆ ಬಾವುಟಕ್ಕೆ ಉಳಿದದ್ದು ಅರ್ಧ ಪಟ್ಟಿ.

“ಅಯ್ಯೋ, ಬಿಚ್ಚಿಕೊಡ್ತೀನಿ ತಗೊಳ್ರೀ.”

“ಬಿಡೇ, ಚೆನ್ನಾಗಿ ಕಾಣ್ತಿದೆ. ಬಾವುಟ ಒಂದು ದಿನ ಹಾರುತ್ತೆ, ಕಿಟಕಿ ದಿನಾ ಇರುತ್ತೆ.”

ಒಂದು ದಿನಕ್ಕೆಂದು ಹೊಲಿದ ಅಳತೆಯೇ ಬಾವುಟದ ಕಾನೂನಾಯಿತು. ಪಂಡಿತರೊಬ್ಬರು ಅರ್ಧ ಪಟ್ಟಿಗೆ ಪೂರ್ತಿ ಅರ್ಥ ಬರೆದರು. ಅದನ್ನು ಓದಿದಂದು ದರ್ಜಿ ನಕ್ಕೂ ನಕ್ಕೂ ಬೆರಳಿಗೆ ಸೂಜಿ ಚುಚ್ಚಿಕೊಂಡಿದ್ದ. “ನೋಡೇ, ನಿನ್ನ ಪರದೆ ವಿನಯವಂತೆ!”

*

ನಾದಿನಿ ಕಂಬಳಿ ತಂದಳು. ಬಾವುಟದ ಜೊತೆ ಬೇರೆ ಬಟ್ಟೆ ಕೂಡದು, ನಿಯಮ ಎಂದು ಅಧಿಕಾರಿ ಕೈ ಅಡ್ಡ ಹಿಡಿದ.

ಹೆಂಡತಿ ಎದ್ದು ಕಿಟಕಿಯ ಪರದೆ ಬಿಚ್ಚಿದಳು. ಕೋಣೆಯೊಳಗೆ ಬಿಸಿಲು ಬಿತ್ತು.

“ಅಮ್ಮಾ, ಈಗ ತಾನೇ ಹೇಳಿದೆ, ಬೇರೆ ಬಟ್ಟೆ…”

“ಬೇರೇದಲ್ಲಪ್ಪ. ಅದೇ.”

ಪರದೆ ಬಿಸಿಲಿಗೆ ಬಿಳಿಚಿಕೊಂಡಿತ್ತು. ಅವಳು ಅಂಚಿನ ಹೊಲಿಗೆ ಬಿಚ್ಚಿ, ಬಿಸಿಲು ಕಾಣದ ಮಡಿಕೆಯನ್ನು ಪಟ್ಟಿಯ ಪಕ್ಕ ಹಿಡಿದಳು. ಅದೇ ನೇಯ್ಗೆ, ಅದೇ ಹಸಿರು. ಅಧಿಕಾರಿ ಅದನ್ನೊಮ್ಮೆ ಇದನ್ನೊಮ್ಮೆ ನೋಡಿದ. ಆಮೇಲೆ ಇನ್ನೊಂದು ತುದಿ ಹಿಡಿದು ಸುಕ್ಕು ಬಿಡಿಸಿದ.

ಮೂರೂ ಪಟ್ಟಿ ಸಮವಾದವು. ಪಾದ ಮುಚ್ಚಿತು.