ತೂತುಕಾಸಿನ ಸಮುದ್ರ

ನೀರು ನಡುಗುತ್ತಿದೆ, ಡ್ರೈವರ್ ಗೇರು ಬದಲಿಸಿದಾಗೆಲ್ಲ ಮಡಿಲ ಮೇಲಿನ ಡಬ್ಬಿಯೊಳಗೆ ಒಂದು ಉಂಗುರ ಎದ್ದು ಅಂಚಿಗೆ ಹೋಗಿ ಅಳಿಯುತ್ತದೆ, ಹಿಂದೆಯೇ ಇನ್ನೊಂದು, ಶಾಮಲಾ ಎರಡೂ ಅಂಗೈಯಲ್ಲಿ ಡಬ್ಬಿಯನ್ನು ತಬ್ಬಿ ಹಿಡಿದಿದ್ದಾಳೆ, ತಳದಲ್ಲಿ ಚಿಟಿಕೆ ಮರಳಿನ ಮೇಲೆ ಸೀಗಡಿ, ಕಿರುಬೆರಳಿನಷ್ಟೂ ಇಲ್ಲ, ಮೈಮೇಲೆ ಕುಂಕುಮದ ಗೆರೆಗಳು, ಉದ್ದುದ್ದ ಮೀಸೆ, ಆ ಮೀಸೆ ತಡಕುತ್ತಿದೆ, ಪ್ಲಾಸ್ಟಿಕ್ ಗೋಡೆ, ಮತ್ತೆ ಗೋಡೆ, ಇರು ಮಾರಾಯ ಇರು, ಮನೆ ಇನ್ನೂ ದೂರ ಇದೆ — ಏನಮ್ಮ ಅದು, ಕಂಡಕ್ಟರ್ ಬಗ್ಗಿ ನೋಡಿದ, ಸೀಗಡಿನಾ, ಒಂದೇ ಒಂದಾ, ಒಂದರಲ್ಲಿ ಏನ್ ಸಾರು ಮಾಡ್ತೀರ, ಹಿಂದಿನ ಸೀಟಿನವರು ನಕ್ಕರು, ಅವಳಿಗೂ ನಗು ಬಂತು, ಸಾರಿಗಲ್ಲಪ್ಪ ಸಾಕೋಕೆ, ಮನೇಲಿ ಗೋಬಿ ಅಂತ ಮೀನಿದೆ, ಅದಕ್ಕೆ ಜೊತೆ, ಗೋಬಿನಾ, ಬಸ್‌ಸ್ಟ್ಯಾಂಡ್ ಹತ್ರ ಕೆಂಪಗೆ ಹುರಿದು ಪ್ಲೇಟಲ್ಲಿ ಕೊಡ್ತಾರಲ್ಲ ಅದಾ, ಅಂದ ಅವನು, ಟಿಕೆಟ್ ಹರಿದ, ಮುಂದೆ ಹೋದ — ಮನೆಯ ತುಂಬ ಮೀನಿನ ತೊಟ್ಟಿ ಇಟ್ಟುಕೊಂಡಿರುವ ಭದ್ರಾವತಿಯ ವೆಂಕಟಾಚಲನೂ ಬೆಳಿಗ್ಗೆ ಹೀಗೇ ಬಗ್ಗಿದ್ದ, ಕಾಫಿ ಚಮಚದಿಂದ ಇದನ್ನು ಮೆಲ್ಲಗೆ ನೂಕಿ ಡಬ್ಬಿಗೆ ಇಳಿಸಿದ್ದ, ಪಾವಂ ಅಕ್ಕಾ, ಪಾಪದ ಜೀವ, ಇದಕ್ಕೆ ಕಣ್ಣು ಸರಿಯಾಗಿ ಕಾಣಲ್ಲ, ಅಗೆಯೋದೊಂದು ಗೊತ್ತು, ಮೀನಿನ ಬಾಲ ಸಿಕ್ಕಿದ್ರೆ ಬದುಕ್ಕೊಳ್ತದೆ, ಆದ್ರೆ ತಾಮ್ರ ಮಾತ್ರ ಇನ್ನೊಂದ್ಸಲ ಬೀಳಬಾರದು ನೋಡಿ, ಮೀನು ತಡ್ಕೊಂಡ್ರೂ ಇದು ತಡ್ಕೊಳ್ಳಲ್ಲ, ಅಲ್ಲಾ, ನಿಮ್ಮ ತೊಟ್ಟಿಗೆ ತಾಮ್ರ ಎಲ್ಲಿಂದ ಬಂತಕ್ಕಾ, ಅವಳು ಸೆರಗು ಸರಿಮಾಡಿಕೊಂಡಳು, ಯಾವುದೋ ಪೈಪಿರಬೇಕು ಅಂದಳು.

ಪೈಪಲ್ಲ, ಕಾಸು, ನಡುವೆ ತೂತಿರುವ ಹಳೇ ತಾಮ್ರದ ಕಾಸು, ಮರಳು ತೊಳೆಯುವಾಗ ಪಾಚಿಬಣ್ಣಕ್ಕೆ ತಿರುಗಿ ಕೈಗೆ ಸಿಕ್ಕಿತು, ಅದರ ಪಕ್ಕದಲ್ಲೇ ಮೊದಲಿದ್ದ ಸೀಗಡಿ ಮೇಸ್ತ್ರಿಯ ಖಾಲಿ ಚಿಪ್ಪು — ಮೇಸ್ತ್ರಿ ಅನ್ನೋ ಹೆಸರು ಅತ್ತೆ ಇಟ್ಟಿದ್ದು, ಶಾಮಲಾ ಹೇಳಿದ್ದು ಕೇಳಿ, ದಿನವಿಡೀ ಮರಳು ಹೊತ್ತು ಹಾಕ್ತಾನಲ್ಲೇ ಪಾಪ, ಇವನು ನೋಡು ಬಾಗಿಲಲ್ಲಿ ಸುಮ್ನೆ ನಿಂತಿರೋದು, ಪೊಲೀಸಪ್ಪ, ಬೆರಳುದ್ದದ ಹಳದಿ ಗೋಬಿ ಬಿಲದ ಬಾಯಲ್ಲಿ ಗಲ್ಲ ಊರಿ ಕೂತು ಕಣ್ಣು ಹೊರಳಿಸುತ್ತಿತ್ತು, ಹಿಂದೆ ಮೇಸ್ತ್ರಿ ಮರಳು ನೂಕಿಕೊಂಡು ಬರುತ್ತಿದ್ದ, ಒಂದು ಮೀಸೆ ಸದಾ ಗೋಬಿಯ ಬಾಲದ ಮೇಲೆ, ಬಾಲ ಅಲುಗಿದರೆ ಸಾಕು ಒಳಗೆ ಓಟ. ಶಾಮಲಾ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಹನಿ ಲೆಕ್ಕ ಮಾಡಿ ಕಲಿತ ಕೈಯವಳು, ಮನೆಯಲ್ಲಿ ಉಪ್ಪು ಅಳೆದು ಬೆರೆಸಿ ಹವಳ ಇಟ್ಟು ಈ ನೀಲಿ ಬೆಳಕಿನ ತೊಟ್ಟಿ ಕಟ್ಟಿಕೊಂಡಾಗ ಶಕುಂತಲಮ್ಮ, ಅವಳ ಅತ್ತೆ, ಮೊದಲು ಮೂಗು ಮುರಿದಿದ್ದರು, ಲಿಂಗ ಕಟ್ಟಿದವರ ಮನೇಲಿ ಮೀನೇನೇ, ಸಾಕ್ಕೋ, ಅದರ ತಿಂಡಿ ಮಾತ್ರ ನಮ್ಮ ಫ್ರಿಜ್ಜಿಗೆ ಬರಕೂಡದು, ಹಾಗಾಗಿ ಗೋಬಿಯ ಊಟ ಇವತ್ತಿಗೂ ಎದುರುಮನೆ ದಿವ್ಯಶ್ರೀ ಫ್ರಿಜ್ಜಿನಲ್ಲಿ ಐಸ್‌ಕ್ರೀಮಿನ ಪಕ್ಕ — ಆಮೇಲೆ ಒಂದು ದಿನ ಅತ್ತೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿದರು, ಅಯ್ಯೋ ಉಪ್ಪು, ಹಾಗಾದ್ರೆ ಇದು ಸಮುದ್ರಾನೇ ಅಲ್ವೇನೇ, ಸಮುದ್ರ ಕಂಡವರಲ್ಲ ಅತ್ತೆ, ಮಾವ ಗೋಕರ್ಣಕ್ಕೆ ಕರ್ಕೊಂಡು ಹೋಗ್ತೀನಿ ಅಂತ ಆಯನೂರು ದಾಟಿಸಿದ್ದೂ ಇಲ್ಲ, ಈಗ ನೋಡೋಣ ಅಂದರೆ ಕಣ್ಣು ಮಂಜು, ಅಂಚಿನಲ್ಲಿ ಒಂದಿಷ್ಟು ಬೆಳಕು ಉಳಿದಿದೆ ಅಷ್ಟೆ, ಆಸ್ಪತ್ರೆಯ ಕಾರಿಡಾರಿನಲ್ಲಿ ಇವಳ ಸೆರಗಿನ ತುದಿ ಹಿಡಿದು ನಡೆಯುತ್ತಾರೆ, ಕೈ ಕೊಡಿ ಅತ್ತೆ ಅಂದರೆ ಬೇಡ ಮಾರಾಯ್ತಿ ನಾನೇನು ಕುರುಡೀನಾ, ಆದರೂ ನೀಲಿ ಮಾತ್ರ ಕಾಣುತ್ತಂತೆ, ಊಟ ಆದ ಮೇಲೆ ಕುರ್ಚಿ ಎಳೆದುಕೊಂಡು ಗಾಜಿಗೆ ಮುಖ ತಾಗಿಸಿ ಕೂತರೆ ಸಂಜೆಯವರೆಗೆ ಏಳುತ್ತಿರಲಿಲ್ಲ.

ಹೇಳೋದು ಹೇಗೆ. ಅತ್ತೆ, ನಿಮ್ಮ ಕಾಣಿಕೆ ಮೇಸ್ತ್ರೀನ ಕೊಂದಿತು ಅಂತಲಾ, ವಿಷ ಅಂತಲಾ, ಹೊಳೆಗೆ ಹಾಕುವ ಹಾಗೆ ಸಮುದ್ರಕ್ಕೂ ಹಾಕಿದರು ಪಾಪ, ಹೋದ ಹುಣ್ಣಿಮೆಯ ಮಾರನೇ ದಿನ ಹೇಳಿಯೂ ಇದ್ದರು, ಗಂಗಮ್ಮಂಗೆ ಕಾಸು ಹಾಕಿದೆ ಕಣೇ, ಅಡಿಕೆ ಚೀಲದಲ್ಲಿ ಇನ್ನೂ ಇದಾವೆ, ಹುಣ್ಣಿಮೆ ಹುಣ್ಣಿಮೆಗೆ ಒಂದೊಂದು ಹಾಕ್ತೀನಿ, ಇವಳು ಡಬ್ಬಿಗೆ ಚಪಾತಿ ತುಂಬುತ್ತಾ ಹೂಂ ಅತ್ತೆ ಅಂದಳು, ಕೇಳಿಸಿಕೊಂಡಿರಲಿಲ್ಲ, ಈಗ ಕಿವಿಯಲ್ಲಿ ಅದೇ ಮಾತು, ನಾಳೆ ಹುಣ್ಣಿಮೆ — ಹೇಳದಿದ್ದರೆ ಡಬ್ಬಿಯಲ್ಲಿರುವ ಇದೂ ಹೋಗುತ್ತದೆ, ಹೇಳಿದರೆ ಅತ್ತೆ ಆ ಕುರ್ಚಿ ಬಿಡುತ್ತಾರೆ, ಗೊತ್ತು ಅವಳಿಗೆ, ಸಾರಿಗೆ ಎರಡು ಸಲ ಉಪ್ಪು ಬಿದ್ದ ದಿನ ಗಂಡ ಪ್ರಸನ್ನಕುಮಾರ್ ಗಂಟಲು ಹಿಡಿದುಕೊಂಡು ತಮಾಷೆಗೆ, ಅಮ್ಮಾ ನೀನಿನ್ನು ಒಲೆ ಕಡೆ ಬರಬೇಡ ಅಂದುಬಿಟ್ಟ, ಗಂಡಸರ ತಮಾಷೆ, ಆವತ್ತು ನಕ್ಕ ಅತ್ತೆ ಮತ್ತೆ ಅಡುಗೆಮನೆಯ ಹೊಸ್ತಿಲು ತುಳಿಯಲಿಲ್ಲ, ಕರೆದರೂ, ಬೇಡಿದರೂ, ಒಗ್ಗರಣೆಯ ಘಮ ಬಂದಾಗ ಕುರ್ಚಿಯಲ್ಲೇ ಕೂತು ಸಾಸಿವೆ ಸಿಡೀತು ಕಣೇ ಉರಿ ತಗ್ಗಿಸು ಅನ್ನುತ್ತಾರೆ, ಅಷ್ಟೆ — ಆ ಮನೆಯಲ್ಲಿ ಅವರಿಗೆ ಉಳಿದಿರುವುದು ಒಂದು ನೀಲಿ. ನೀರೆಲ್ಲ ಬದಲಾಯಿಸಿದ್ದಾಳೆ, ಮರಳೂ ಹೊಸದು, ವೆಂಕಟಾಚಲ ನೀರು ಪರೀಕ್ಷೆ ಮಾಡಿ ಈಗ ಸರಿಯಿದೆ ಅಂದ, ಗೋಬಿಯೊಂದೇ ಸರಿಯಿಲ್ಲ, ಕುಸಿದುಹೋದ ಬಿಲದ ಬಾಗಿಲಲ್ಲಿ ಕೂತಿರುತ್ತದೆ, ಊಟ ಮೂಗಿನ ಮುಂದೆಯೇ ತೇಲಿ ಹೋದರೂ ಬಾಯಿ ತೆರೆಯುವುದಿಲ್ಲ, ಬಾಲ ಮಾತ್ರ ಹಿಂದಕ್ಕೆ ಚಾಚಿಕೊಂಡಿರುತ್ತದೆ. ಮೇಸ್ತ್ರಿ ಎಲ್ಲೇ ಅಂದರೆ, ಒಳಗೆ ಮಲಗಿದಾನೆ ಅತ್ತೆ, ಅತ್ತೆ ಗಾಜಿಗೆ ಕಿವಿ ತಾಗಿಸಿದರು.

ತುಂಗೆಯ ಸೇತುವೆ ಮೇಲೆ ಬಸ್ಸು ನಿಂತಿತು, ಮುಂದೆ ಯಾವುದೋ ಲಾರಿ, ಮುಂದಿನ ಸೀಟಿನ ಹೆಂಗಸು ಕಿಟಕಿಯಿಂದ ಕೈ ಚಾಚಿ ನಾಣ್ಯ ಎಸೆದು ಕಣ್ಣಿಗೊತ್ತಿಕೊಂಡಳು, ಹೊಳೆಗೆ ಏನೂ ಆಗುವುದಿಲ್ಲ, ಹೊಳೆ ದೊಡ್ಡದು, ಬಿದ್ದದ್ದನ್ನೆಲ್ಲ ನುಂಗಿ ಹೊಳೆಯುತ್ತಾ ಹೋಗುತ್ತದೆ, ಸಕ್ರೆಬೈಲಿನ ಆನೆಗಳು ಮಿಂದ ನೀರು ಇದು, ಇದೂ ಎಲ್ಲೆಲ್ಲೋ ತಿರುಗಿ ಕೊನೆಗೆ ಸಮುದ್ರಕ್ಕೆ ಸೇರುತ್ತದಲ್ಲ — ಹಾಗೆ ಹೇಳಿದರೆ ಹೇಗೆ, ಅತ್ತೆ, ನಮ್ಮ ಸಮುದ್ರ ಇನ್ನೂ ಕೂಸು, ಕಾಸು ಜೀರ್ಣ ಆಗಲ್ಲ, ಬನ್ನಿ ಹೊಳೆಗೆ ಹಾಕೋಣ, ಸುಳ್ಳೂ ಅಲ್ಲ, ಆದರೆ ಚಿಪ್ಪಿನ ಮಾತು ಬರುತ್ತದೆ, ಮೇಸ್ತ್ರಿ ಎಲ್ಲೇ ಅಂದೇ ಅನ್ನುತ್ತಾರೆ, ಡಬ್ಬಿಯಲ್ಲಿ ಮೀಸೆ ತಡಕುತ್ತಿದೆ, ಬಸ್ಸು ಹೊರಟಿತು, ಆಲ್ಕೊಳ ಸರ್ಕಲ್ ಯಾವಾಗ ಬಂತೋ, ಆಟೋ ಹತ್ತಿದ್ದು ಎಲ್ಲಿ, ಇಳಿದದ್ದು ಯಾವಾಗ, ಚಪ್ಪಲಿ ಬಿಟ್ಟು ಒಳಗೆ ಬಂದರೆ ಹಾಲ್ ಪೂರ್ತಿ ನೀಲಿ, ಕುರ್ಚಿಯಲ್ಲಿ ಅತ್ತೆ, ಬೆಳ್ಳಗಿನ ಕೂದಲೂ ನೀಲಿ.

ಬಂದೆಯಾ, ತಂದೆಯಾ. ಏನು ಅತ್ತೆ. ಹೊಸ ಮೇಸ್ತ್ರೀನ. ಶಾಮಲಾ ಡಬ್ಬಿಯನ್ನು ತೊಟ್ಟಿಯ ಪಕ್ಕ ಇಳಿಸಿದಳು, ಅತ್ತೆ, ಆ ಕಾಸು, ತಾಮ್ರ ಅಲ್ವಾ, ಅದು ಇವಕ್ಕೆ — ಆಗಲಿಲ್ಲ, ಅಂದರು ಅತ್ತೆ, ಗೊತ್ತು ಕಣೇ, ಟಕ್ ಅಂತಿದ್ದ, ಗಾಜಿಗೆ ಬಳೆ ಬಡಿದ ಹಾಗೆ, ಹೌದು, ಮೇಸ್ತ್ರಿ ಚಿಮುಟದಂಥ ಮುಂಗಾಲು ಬಡಿದರೆ ಆ ಸದ್ದು, ಮೊದಲ ಸಲ ಕೇಳಿ ಪ್ರಸನ್ನಕುಮಾರ್ ಗಾಜು ಸೀಳಿತು ಅಂತ ಬಕೆಟ್ ತಂದಿಟ್ಟಿದ್ದ, ನಾನು ಕಾಸು ಹಾಕಿದ ಮೇಲೆ ಆ ಸದ್ದು ನಿಂತುಹೋಯ್ತು, ಅಂದರು ಅತ್ತೆ, ನೀನು ಮಲಗಿದಾನೆ ಅಂದೆ, ಎಷ್ಟು ದಿನ ಮಲಗ್ತಾನೇ ಮೇಸ್ತ್ರಿ, ನೀನೇ ಹೇಳ್ತೀಯಾ ಅಂತ ಕಾದೆ, ಹೇಳದೇ ಇದ್ದಿದ್ರೆ ನಾಳೆಯಿಂದ ನಾನು ಇಲ್ಲಿ ಕೂರ್ತಿರಲಿಲ್ಲ, ಅಡಿಕೆ ಚೀಲದ ದಾರ ಬಿಚ್ಚಿ ಉಳಿದ ಕಾಸುಗಳನ್ನು ಇವಳ ಕೈಗೆ ಸುರಿದರು, ಬೆಚ್ಚಗಿದ್ದವು, ಹೊಳೆಗೆ ಹಾಕು, ಇಲ್ಲ, ನಾಳೆ ನನ್ನನ್ನೂ ಕರ್ಕೊಂಡು ಹೋಗು, ಈಗ ಬಿಡು ಅವನನ್ನ. ಹನಿ ಹನಿಯಾಗಿ ತೊಟ್ಟಿಯ ನೀರನ್ನು ಡಬ್ಬಿಗೆ ಬಿಟ್ಟು ಅಭ್ಯಾಸ ಮಾಡಿಸಿ, ಮೆಲ್ಲಗೆ ಓರೆ ಮಾಡಿದಳು, ಸೀಗಡಿ ತೇಲಿ ಇಳಿದು ಮರಳು ಮುಟ್ಟಿತು, ಗೋಬಿ ಕದಲಲಿಲ್ಲ, ಎಲ್ಲಿದಾನೇ, ಕಲ್ಲಿನ ಹತ್ರ ಅತ್ತೆ, ಪೊಲೀಸಪ್ಪ ನೋಡಿದನಾ, ಇಲ್ಲ ಅತ್ತೆ, ತಡಿ ತಡಿ, ಅತ್ತೆಯ ಬೆರಳು ಎಲ್ಲಿಂದಲೋ ಬಂದು ಇವಳ ಸೆರಗಿನ ತುದಿಯನ್ನು ಹಿಡಿದಿದೆ, ಹೊರಗೆ ಯಾರದೋ ಸ್ಕೂಟರ್, ಕುಕ್ಕರಿನ ವಿಷಲ್, ಸೀಗಡಿ ಒಂದು ಹೆಜ್ಜೆ, ನಿಂತಿತು, ಮೀಸೆ ನೀರಿನಲ್ಲಿ ಅತ್ತ, ಇತ್ತ, ಕಲ್ಲು, ಅಲ್ಲ, ಚಿಪ್ಪು, ಅಲ್ಲ, ಗೋಬಿ ಹಿಂದಕ್ಕೆ ಸರಿಯಿತು, ಕೂದಲಷ್ಟು, ಏನಾಯ್ತೇ, ಏನಾಯ್ತು ಹೇಳೇ ಮಾರಾಯ್ತಿ, ಹೇಳಬೇಕು, ಮೀಸೆ, ಬಾಲದ ಮೇಲೆ, ಅತ್ತೆ, ಮೀಸೆ, ಬಾಲದ ಮೇಲೆ —