ಒಂದನೇ ನಂಬರು

ಮಾರುಕಟ್ಟೆಯ ವ್ಯಾಪಾರಿಗಳು ಆಕೆಗೆ ತಕ್ಕಡಿಯಮ್ಮ ಎಂದು ಹೆಸರಿಟ್ಟಿದ್ದರು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇಪ್ಪತ್ತಾರು ವರ್ಷದ ಸರ್ವಿಸು. ಬೀದಿಯ ಆ ತುದಿಯಲ್ಲಿ ಆಕೆ ಕಾಣಿಸಿಕೊಂಡರೆ ಸಾಕು, ಈ ತುದಿಯಲ್ಲಿ ತಟ್ಟೆಯ ಅಡಿಗೆ ಅಂಟಿಕೊಂಡಿದ್ದ ಅಯಸ್ಕಾಂತಗಳು ಸದ್ದಿಲ್ಲದೆ ಜೇಬು ಸೇರುತ್ತಿದ್ದವು. ಮೋಸ ಸಿಕ್ಕರೂ ಆಕೆ ಕೂಗಾಡುವ ಪೈಕಿಯಲ್ಲ. ಚೀಲದಿಂದ ಕಾಗದ ತೆಗೆದು, ನಾಲ್ಕು ಸಾಲು ಬರೆದು, "ಇಲ್ಲೊಂದು ಸಹಿ ಹಾಕಿ" ಎನ್ನುತ್ತಿದ್ದಳು. ಅಳುವವರ ಮುಂದೆಯೂ ಅಷ್ಟೇ, ಬೈಯುವವರ ಮುಂದೆಯೂ ಅಷ್ಟೇ.

ಗಂಡ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು. ಐವತ್ತಾರನೆಯ ವಯಸ್ಸಿನಲ್ಲಿ ಒಂದು ದಿನ ಮೈದಾನದ ನಡುವೆ ಸೀಟಿ ಊದುತ್ತಿದ್ದವರು ಊದುತ್ತಲೇ ಕುಸಿದು ಕೂತರು. ಆಸ್ಪತ್ರೆಯಲ್ಲಿ ಎದೆ ತೆರೆದು ಮೂರು ಕಡೆ ಹೊಸ ದಾರಿ ಮಾಡಿ ರಕ್ತ ಹರಿಸಿದರು. ನಾಲ್ಕು ತಿಂಗಳಾದ ಮೇಲೆ ಡಾಕ್ಟರು ಸೈಕಲ್ ತುಳಿಯಲು ಒಪ್ಪಿಗೆ ಕೊಟ್ಟರು, ಎರಡು ಷರತ್ತಿನ ಮೇಲೆ. ಮೋಟಾರು ಇರುವ ಸೈಕಲ್ಲೇ ಆಗಬೇಕು. ನಾಡಿಬಡಿತ ನಿಮಿಷಕ್ಕೆ ನೂರಾ ಇಪ್ಪತ್ತು ದಾಟಬಾರದು.

"ಮೂವತ್ತು ವರ್ಷ ಮಕ್ಕಳನ್ನ ಓಡಿಸಿದವನು ಈಗ ಮೋಟಾರಿನ ಮೇಲೆ ಕೂತ್ಕೊಂಡು ಹೋಗ್ಲಾ?" ಎಂದು ಮೇಷ್ಟ್ರು ಮುಖ ಗಂಟು ಹಾಕಿದರು. ಸೈಕಲ್ಲು ಕೊಂಡ ದಿನ ಅಂಗಡಿಯವನು ಅದನ್ನು ಫೋನಿಗೆ ಜೋಡಿಸಲು ಹೋದಾಗ, "ಸೈಕಲ್ಲಿಗೆ ಫೋನ್ ಯಾಕಪ್ಪಾ?" ಎಂದು ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತರು. ಕೊನೆಗೆ ಅವನು ಅದನ್ನು ತಕ್ಕಡಿಯಮ್ಮನ ಫೋನಿಗೆ ಜೋಡಿಸಿ ಕಳಿಸಿದ.

ಅದು ತಾನೇ ಓಡುವ ಗಾಡಿಯೇನಲ್ಲ. ಪೆಡಲು ತುಳಿದಷ್ಟೂ ಮೋಟಾರು ಹಿಂದಿನಿಂದ ಒಂದು ಪಾಲು ಕೈಜೋಡಿಸುತ್ತದೆ. ಹ್ಯಾಂಡಲ್ಲಿನ ಪುಟ್ಟ ಪರದೆಯಲ್ಲಿ ಒಂದರಿಂದ ನಾಲ್ಕರವರೆಗೆ ನಂಬರು. ಒಂದಕ್ಕೆ ಕಡಿಮೆ ಸಹಾಯ, ನಾಲ್ಕಕ್ಕೆ ಹೆಚ್ಚು, ಸೊನ್ನೆಗೆ ಏನೂ ಇಲ್ಲ. ಮೇಷ್ಟ್ರು ಒಂದರ ಮೇಲೆ ಹೋಗಲಿಲ್ಲ. ಎರಡು ಒತ್ತುವುದೆಂದರೆ ಅವರ ಪಾಲಿಗೆ ಕೋಲು ಹಿಡಿದು ನಡೆದಂತೆ.

ಶಾಲೆಗೂ ಮನೆಗೂ ನಡುವೆ ನೀರಿನ ಟ್ಯಾಂಕಿನ ಏರು, ಹೋಗುವಾಗಲೂ ಬರುವಾಗಲೂ ಹತ್ತಬೇಕು. ಅದನ್ನು ಹತ್ತಿ ಮನೆಗೆ ಬರುವಷ್ಟರಲ್ಲಿ ಮೇಷ್ಟ್ರ ತುಟಿ ಬೆಳ್ಳಗಾಗಿರುತ್ತಿತ್ತು. ನಾಡಿ ಅಳೆಯುವ ಕೈಗಡಿಯಾರದಲ್ಲಿ ನೂರಾ ಮೂವತ್ತೆಂಟು. ಆಕೆ ಕೇಳಿದರೆ, "ಗಡಿಯಾರ ಸರಿಯಿಲ್ಲ" ಎನ್ನುತ್ತಿದ್ದರು. ಆಕೆ ತನ್ನ ಮಣಿಕಟ್ಟಿಗೆ ಕಟ್ಟಿ ನೋಡಿದಳು. ಗಡಿಯಾರ ಸರಿಯಾಗಿಯೇ ಇತ್ತು.

ಒಂದು ಮಧ್ಯಾಹ್ನ ಆಕೆ ಸೈಕಲ್ ಅಂಗಡಿಗೆ ಹೋದಳು. ಅಂಗಡಿಯವನು ತಲೆಕೆಳಗು ನಿಲ್ಲಿಸಿದ ಸೈಕಲ್ಲಿಗೆ ಚೈನು ಕೂರಿಸುತ್ತಿದ್ದ. ತೂಕದವರು ಬಾಗಿಲಿಗೆ ಬಂದರೆಂದು ಚೈನು ಬಿಟ್ಟು ಎದ್ದು ನಿಂತ.

"ನಾನೇನೂ ತೂಗಿ ಮಾರಲ್ಲ ಮೇಡಂ."

"ಅದಕ್ಕೆ ಬಂದಿಲ್ಲ. ಅವರು ಎರಡು ಒತ್ತಲ್ಲ. ಏನ್ಮಾಡೋದು?"

ಅವನು ಕೈ ಒರೆಸಿಕೊಂಡು ಆಕೆಯ ಫೋನಿನಲ್ಲೇ ತೋರಿಸಿದ. ಒಂದನೇ ನಂಬರಿಗೆ ಮೋಟಾರು ಎಷ್ಟು ಪಾಲು ಹಾಕಬೇಕೆಂಬುದನ್ನು ಅಲ್ಲೇ ಏರಿಸಬಹುದು, ಇಳಿಸಬಹುದು. ಸದ್ಯಕ್ಕೆ ಐವತ್ತಿತ್ತು: ತುಳಿಯುವವನ ಬಲ ನೂರಾದರೆ ಮೋಟಾರಿನದು ಐವತ್ತು.

"ಇಲ್ಲಿ ಬದಲಾಯಿಸಿದ್ರೆ ಅಲ್ಲಿ ಪರದೆಯಲ್ಲಿ ಗೊತ್ತಾಗುತ್ತಾ?"

"ಇಲ್ಲ ಮೇಡಂ. ಅಲ್ಲಿ ಒಂದು ಅಂತಲೇ ಇರುತ್ತೆ." ಸ್ವಲ್ಪ ತಡೆದು ಅವನು, "ಅವರಿಗೆ ಹೇಳೇ ಮಾಡ್ತೀರಲ್ಲ?" ಎಂದು ಕೇಳಿದ.

ಆಕೆ ಫೋನನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು.

ಮೊದಲ ಸಲ ಐವತ್ತನ್ನು ಅರವತ್ತೈದು ಮಾಡಿದಳು. ಹದಿನೈದು ದಿನ ಬಿಟ್ಟು ಎಂಬತ್ತು. ಆಮೇಲೆ ನೂರು. ಒಂದೇ ಸಲಕ್ಕೆ ಏರಿಸಿದರೆ ಮೇಷ್ಟ್ರ ಕಾಲಿಗೆ ತಿಳಿಯದೆ ಇರುವುದಿಲ್ಲ ಎಂಬುದು ಆಕೆಗೆ ಗೊತ್ತಿತ್ತು. ತೂಕದಲ್ಲಿ ಹೊಡೆಯುವ ಜಾಣ ವ್ಯಾಪಾರಿಗಳು ಮಾಡುವುದೂ ಹೀಗೆಯೇ. ಕಿಲೋಗೆ ನೂರು ಗ್ರಾಂ ಹೊಡೆದವನು ಸಿಕ್ಕಿಬೀಳುತ್ತಾನೆ, ಹತ್ತು ಗ್ರಾಂ ಹೊಡೆದವನು ಮನೆ ಕಟ್ಟುತ್ತಾನೆ. ಬೇಲಿಯೇ ಎದ್ದು ಹೊಲ ಮೇಯುವ ಮಾತು ಆಕೆಗೂ ನೆನಪಾಗದಿರಲಿಲ್ಲ. ನೆನಪಾದಾಗ ಮೇಷ್ಟ್ರ ಕೈಗಡಿಯಾರ ನೋಡುತ್ತಿದ್ದಳು. ನೂರಾ ಇಪ್ಪತ್ತೆರಡು. ನೂರಾ ಹದಿನಾರು. ಮೂರನೆಯ ತಿಂಗಳು ಮುಗಿಯುವಷ್ಟರಲ್ಲಿ ಒಂದನೇ ನಂಬರು ನೂರಾ ಮೂವತ್ತಕ್ಕೆ ಬಂದು ನಿಂತಿತ್ತು, ಮೇಷ್ಟ್ರ ನಾಡಿ ನೂರಾ ನಾಲ್ಕಕ್ಕೆ.

ಮೇಷ್ಟ್ರ ಮುಖ ಇಷ್ಟಗಲ. ಸಂಜೆ ಸೈಕಲ್ಲು ನಿಲ್ಲಿಸಿ ತಾಯಿಯ ಮುಂದೆ ತೊಡೆ ತಟ್ಟಿ ತೋರಿಸುತ್ತಿದ್ದರು. "ಅಮ್ಮಾ, ಮುಟ್ಟಿ ನೋಡು. ಕಬ್ಬಿಣ!" ಎಪ್ಪತ್ತೊಂಬತ್ತರ ಆ ಮುದುಕಿ ಕಿವಿಯ ಮಷಿನ್ನು ಸರಿಮಾಡಿಕೊಂಡು, "ಕಬ್ಬಿಣಾನೋ, ತಗಡೋ, ಬಡಿದು ನೋಡಿದ್ರೆ ತಾನೆ ಗೊತ್ತಾಗೋದು?" ಎನ್ನುತ್ತಿದ್ದಳು. ಸೈಕಲ್ಲಿನ ಬ್ಯಾಟರಿ ಈಗೀಗ ಬೇಗ ಇಳಿಯುತ್ತಿದೆ ಎಂದು ಮೇಷ್ಟ್ರು ಒಮ್ಮೆ ಹೇಳಿದರು. "ಚಳಿಗೆ ಹಾಗಾಗುತ್ತಂತೆ" ಎಂದಳು ಹೆಂಡತಿ. ಚಳಿಯೇನೋ ಇತ್ತು.

ಒಂದು ಶನಿವಾರ ಶಾಲೆ ಮುಗಿಸಿ ಬಂದ ಮೇಷ್ಟ್ರು ಊಟಕ್ಕೂ ಕೂರದೆ ಏಣಿ ಹಾಕಿ ಅಟ್ಟದಿಂದ ತಮ್ಮ ಹಳೆಯ ಸೈಕಲ್ಲನ್ನು ಇಳಿಸಿದರು. ಮೋಟಾರಿಲ್ಲದ, ಒಂಟಿ ಹಲ್ಲುಚಕ್ರದ ಸೈಕಲ್ಲು. ಹಿತ್ತಿಲಲ್ಲಿ ಅದನ್ನು ಮಗುಚಿ ಹಾಕಿ ಎಣ್ಣೆ ಬಿಡುತ್ತಾ ಹೇಳಿದರು:

"ಮೂರು ವಾರ ಬಿಟ್ಟು ಭಾನುವಾರ ಮೇಷ್ಟ್ರುಗಳೆಲ್ಲ ಅಣೆಕಟ್ಟಿನ ಗುಡ್ಡಕ್ಕೆ ಸೈಕಲ್ ಮೇಲೆ ಹೋಗ್ತಾ ಇದಾರೆ. ಇಪ್ಪತ್ತೆರಡು ಕಿಲೋಮೀಟರ್, ಅರ್ಧಕ್ಕರ್ಧ ಏರು. ಲೆಕ್ಕದ ಮೇಷ್ಟ್ರು ನನ್ನ ಹೆಸರು ಬಿಟ್ಟಿದ್ರು. ನಾನೇ ಹೋಗಿ ಬರೆಸಿದೆ. ಇದರಲ್ಲೇ ಹೋಗ್ತೀನಿ."

ಆಕೆ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಕೈಯಲ್ಲಿದ್ದ ಅಂಗಿಯನ್ನು ಮಡಿಸಿ ಮುಗಿಸಿದಳು. ಇನ್ನೊಂದನ್ನೂ ಮಡಿಸಿದಳು. ಆಮೇಲೆ ಮೆಟ್ಟಿಲ ಮೇಲೆ ಕೂತು ಹೇಳಿದಳು:

"ರೀ, ಆ ಒಂದು ಒಂದಲ್ಲ."

"ಯಾವ ಒಂದು?"

"ನಿಮ್ಮ ಹೊಸ ಸೈಕಲ್ಲಿನ ಒಂದನೇ ನಂಬರು. ಫೋನಲ್ಲಿ ನಾನು ಏರಿಸಿದೀನಿ."

ಎಣ್ಣೆಯ ಡಬ್ಬಿ ಮೇಷ್ಟ್ರ ಕೈಯಲ್ಲಿ ಹಾಗೇ ನಿಂತಿತು. ಮೂತಿಯಿಂದ ಎರಡು ಹನಿ ಚಪ್ಪಲಿಯ ಮೇಲೆ ಬಿದ್ದವು.

"ಎಷ್ಟಕ್ಕೆ?"

"ನೂರಾ ಮೂವತ್ತು. ಮೊದಲು ಐವತ್ತಿತ್ತು."

"ಯಾವತ್ತಿಂದ?"

"ಮೂರು ತಿಂಗಳಾಯ್ತು. ಹದಿನೈದು ದಿನಕ್ಕೊಂದು ಸಲ, ಸ್ವಲ್ಪ ಸ್ವಲ್ಪ."

"ಒಂದೇ ಸಲ ಏರಿಸಿದ್ರೆ ನಂಗೆ ಗೊತ್ತಾಗ್ತಿತ್ತು."

"ಹೌದು."

"ಅಂದ್ರೆ ಯೋಚನೆ ಮಾಡೇ ಮಾಡಿದೀಯ."

"ಹೌದು."

ಮೇಷ್ಟ್ರು ಡಬ್ಬಿಯ ಮುಚ್ಚಳ ಹುಡುಕಿ ತಿರುಗಿಸಿದರು. "ಅಂಗಡಿಯವನು ಯಾರಾದ್ರೂ ಹೀಗೆ ಮಾಡಿದ್ರೆ ನೀನೇನ್ಮಾಡ್ತೀಯ?"

"ತಕ್ಕಡಿ ಜಪ್ತಿ ಮಾಡ್ತೀನಿ."

ಮೇಷ್ಟ್ರು ಎದ್ದರು. ಮೋಟಾರಿನ ಸೈಕಲ್ಲು ತಳ್ಳಿಕೊಂಡು ಗೇಟು ದಾಟಿದರು. ಪರದೆಯಲ್ಲಿ ಸೊನ್ನೆ ಒತ್ತಿದ್ದು ಆಕೆಗೆ ಮೆಟ್ಟಿಲಿಂದಲೇ ಕಂಡಿತು. ಬ್ಯಾಟರಿ ಸೇರಿ ಇಪ್ಪತ್ತನಾಲ್ಕು ಕಿಲೋ ಭಾರದ ಗಾಡಿ. ಸೊನ್ನೆಯಲ್ಲಿ ಅದನ್ನು ಏರು ಹತ್ತಿಸುವುದೆಂದರೆ ಮಲಗಿದ ಎಮ್ಮೆಯನ್ನು ಎಳೆದಂತೆ. ಆಕೆ ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ನಡೆದಳು. ಓಡಲಿಲ್ಲ. ಓಡಿ ಬಂದದ್ದು ಕಂಡರೆ ಮೇಷ್ಟ್ರು ಇನ್ನೂ ಜೋರಾಗಿ ತುಳಿಯುವವರು.

ಏರಿನ ಕಾಲುಭಾಗದಲ್ಲಿ ಇಸ್ತ್ರಿ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಮೇಷ್ಟ್ರು ಕೂತಿದ್ದರು. ಸೈಕಲ್ಲು ಪಕ್ಕದಲ್ಲಿ ಬಿದ್ದಿತ್ತು. ತುಟಿ ಬೆಳ್ಳಗಾಗಿತ್ತು. ಆಕೆ ಕೇಳದೆಯೇ ಮಣಿಕಟ್ಟು ಮುಂದೆ ಚಾಚಿದರು. ನೂರಾ ನಲವತ್ತೆರಡು. ಆಕೆ ನೀರಿನ ಬಾಟಲಿ ಕೊಟ್ಟಳು, ಸೈಕಲ್ಲು ಎತ್ತಿ ನಿಲ್ಲಿಸಿದಳು. ನೂರರ ಕೆಳಗೆ ಬರಲು ಹನ್ನೊಂದು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ಇಬ್ಬರೂ ಎದುರು ಮನೆಯ ಗೋಡೆ ನೋಡುತ್ತಿದ್ದರು.

"ಎಲ್ಲರ ಮುಂದೆ ಕುಣಿದೆನಲ್ಲೇ," ಎಂದರು ಮೇಷ್ಟ್ರು. "ನೀನು ನೋಡ್ತಾ ನಿಂತಿದ್ದೆ."

ಆಕೆ ಹ್ಯಾಂಡಲ್ಲು ಹಿಡಿದು ಸೈಕಲ್ಲನ್ನು ಮನೆಯ ಕಡೆ ತಿರುಗಿಸಿದಳು.

ಒಂದು ವಾರ ಮನೆಯಲ್ಲಿ ಮಾತಿಲ್ಲ. ಮೇಷ್ಟ್ರು ಬಸ್ಸಿನಲ್ಲಿ ಶಾಲೆಗೆ ಹೋಗಿ ಬಂದರು. ಊಟಕ್ಕೆ ಕೂತಾಗ ಬೇಕು, ಸಾಕು ಎಂಬೆರಡು ಮಾತು ಮಾತ್ರ. "ನೀವಿಬ್ರೂ ಹೀಗೇ ಇದ್ರೆ ನನ್ನ ಮಷಿನ್ನಿನ ಸೆಲ್ಲಾದ್ರೂ ಉಳಿಯುತ್ತೆ" ಎಂದು ಅತ್ತೆ ಕಿವಿಯಿಂದ ಅದನ್ನು ತೆಗೆದು ಡಬ್ಬಿಯಲ್ಲಿಟ್ಟಳು. ಒಂದು ಮಧ್ಯಾಹ್ನ ಸೊಸೆ ಒಬ್ಬಳೇ ಇದ್ದಾಗ ಕರೆದು ಕೂರಿಸಿಕೊಂಡಳು.

"ನೀನು ಮಾಡಿದ್ದು ಅವನ ಪ್ರಾಣಕ್ಕೆ. ಅದು ಅವನಿಗೂ ಗೊತ್ತು. ಆದ್ರೆ ನೋಡು, ನಮ್ಮೆಜಮಾನ್ರು ಹೋಗೋ ಮುಂಚೆ ಆರು ತಿಂಗಳು ಎಲ್ಲರೂ ಸೇರಿ ಅವರಿಗೆ 'ಹುಷಾರಾಗ್ತೀರಿ' ಅಂತ ಹೇಳಿದ್ವಿ. ಕೊನೇಲಿ ಅವರು ನನ್ನ ಮಾತೇ ಕೇಳೋದು ಬಿಟ್ಟಿದ್ರು. ಔಷಧಿ ಕೊಟ್ರೂ ಅನುಮಾನದಿಂದ ನೋಡೋರು."

"ಈಗ ಏನ್ಮಾಡ್ಲಿ ಅತ್ತೆ?"

ಅತ್ತೆ ಕಿವಿಗೆ ಕೈ ಹಿಡಿದಳು. ಮಷಿನ್ನು ಡಬ್ಬಿಯಲ್ಲೇ ಇತ್ತು. ಸೊಸೆ ಪ್ರಶ್ನೆಯನ್ನು ಮತ್ತೆ ಕೂಗಿ ಕೇಳಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಆಕೆ ತನ್ನ ಫೋನನ್ನು ಮೇಷ್ಟ್ರ ತಟ್ಟೆಯ ಪಕ್ಕ ಇಟ್ಟಳು, ಒಂದನೇ ನಂಬರಿನ ಪುಟ ತೆರೆದು. "ಐವತ್ತಕ್ಕೆ ಇಳಿಸಿದೀನಿ. ನೀವೇ ನೋಡಿ. ಬೇಕಾದ್ರೆ ನಿಮ್ಮ ಫೋನಿಗೆ ಜೋಡಿಸ್ಕೊಳ್ಳಿ." ಮೇಷ್ಟ್ರು ನೋಡಿದರು, ಮುಟ್ಟಲಿಲ್ಲ. ಕೈ ತೊಳೆದು ಬಸ್ಸಿಗೆ ಹೋದರು.

ಭಾನುವಾರ ಏಳು ಗಂಟೆಗೆ ಮೇಷ್ಟ್ರು ಹಜಾರದಲ್ಲಿ ಬೂಟಿನ ಲೇಸು ಕಟ್ಟುತ್ತಾ, "ಇನ್‌ಸ್ಪೆಕ್ಟ್ರೇ, ಆ ಫೋನು ತಗೊಂಡು ಬಾ. ಒಂದು ಪೆನ್ನೂ ತಾ" ಎಂದರು. ಎಂಟು ದಿನದಲ್ಲಿ ಅದೇ ಉದ್ದನೆಯ ಮಾತು.

ಟ್ಯಾಂಕಿನ ಏರಿನ ಬುಡದಲ್ಲಿ ನಿಂತು ಮೇಷ್ಟ್ರು ನಿಯಮ ಹೇಳಿದರು, ಮಕ್ಕಳಿಗೆ ಓಟದ ಪಂದ್ಯದ ನಿಯಮ ಹೇಳುವ ದನಿಯಲ್ಲೇ. ಏರು ಅದೇ, ವೇಗ ಅದೇ. ನಡುವೆ ಅರ್ಧ ಗಂಟೆ ವಿಶ್ರಾಂತಿ. ನಾಡಿ ಡಾಕ್ಟರ ನೂರಾ ಇಪ್ಪತ್ತನ್ನು ಇವತ್ತೊಂದು ದಿನ ದಾಟಬಹುದು, ಆದರೆ ನೂರಾ ಮೂವತ್ತೈದು ಮುಟ್ಟಿದರೆ ಅಲ್ಲಿಗೇ ಇಳಿಯುವುದು. ಪಾಲು ಎಷ್ಟೆಂದು ಇಬ್ಬರೂ ನೋಡಿಯೇ ಹೊರಡುವುದು.

ಮೊದಲು ನೂರಾ ಹತ್ತರಲ್ಲಿ ಹತ್ತಿದರು. ತುದಿಯಲ್ಲಿ ನಾಡಿ ನೂರಾ ಎಂಟು, ಆಕೆ ಕಾಗದದ ಮೇಲೆ ಬರೆದುಕೊಂಡಳು. ಎಂಬತ್ತರಲ್ಲಿ ನೂರಾ ಹತ್ತೊಂಬತ್ತು. ಕೊನೆಗೆ ಐವತ್ತು. ಆಕೆ ಬೇಡವೆನ್ನದೆ ಇಳಿಸಿ, ಫೋನನ್ನು ಅವರಿಗೆ ತೋರಿಸಿದಳು. ಮೇಷ್ಟ್ರು ಅದೇ ವೇಗದಲ್ಲಿ ಹತ್ತಿದರು, ಇಳಿಯದೆ. ತುದಿಯಲ್ಲಿ ಗಡಿಯಾರವನ್ನು ತಾವು ನೋಡದೆ ಆಕೆಯ ಮುಂದೆ ಹಿಡಿದರು.

"ನೂರಾ ಮೂವತ್ತೊಂದು," ಎಂದು ಆಕೆ ಓದಿದಳು.

"ಮೊದಲು ಐವತ್ತರಲ್ಲಿ ಎಷ್ಟಿತ್ತು?"

"ನೂರಾ ಮೂವತ್ತೆಂಟು."

ಮೇಷ್ಟ್ರು ಉಸಿರು ಹತೋಟಿಗೆ ಬರುವವರೆಗೆ ಹ್ಯಾಂಡಲ್ಲಿನ ಮೇಲೆ ಬಾಗಿದ್ದರು. ಆಮೇಲೆ ಬೆರಳು ಮಡಚಿ ಎಣಿಸಿದರು. "ಏಳು. ಈ ಏಳು ನಂದು ತಾನೆ? ಇದರಲ್ಲಿ ನಿನ್ನ ಕೈವಾಡ ಏನೂ ಇಲ್ವಲ್ಲ?"

"ಇಲ್ಲ. ಏಳೂ ನಿಮ್ಮದೇ."

"ಹಾಗಾದ್ರೆ ಎಂಬತ್ತಕ್ಕಿಡು," ಎಂದರು ಮೇಷ್ಟ್ರು. ಮರುಕ್ಷಣವೇ, "ಬೇಡ, ಕೊಡಿಲ್ಲಿ. ನಾನೇ ಇಡ್ತೀನಿ" ಎಂದು ಫೋನು ತೆಗೆದುಕೊಂಡು, ಕನ್ನಡಕ ಹಣೆಗೇರಿಸಿ, ಎರಡು ಸಲ ತಪ್ಪಾಗಿ ಒತ್ತಿ ಮೂರನೆಯ ಸಲಕ್ಕೆ ಸರಿಯಾಗಿ ಇಟ್ಟರು.

ಸೋಮವಾರ ಶಾಲೆಯಲ್ಲಿ ಅವರೇ ಎಲ್ಲರ ಮುಂದೆ, ಹಳೆಯ ಸೈಕಲ್ಲಿನಲ್ಲಿ ಬರಲಾಗುವುದಿಲ್ಲ, ಮೋಟಾರಿನದರಲ್ಲಿ ಬರುತ್ತೇನೆ ಎಂದರು. ಲೆಕ್ಕದ ಮೇಷ್ಟ್ರು, "ನಮಗೂ ಒಂದು ಹಗ್ಗ ಕಟ್ಟಿ ಎಳ್ಕೊಂಡು ಹೋಗಿ ಸಾರ್" ಎಂದು ನಗಾಡಿದರಂತೆ. ಮನೆಗೆ ಬಂದು ಅದನ್ನು ಹೆಂಡತಿಗೆ ಹೇಳಿದ್ದು ಮಾತ್ರ ಎರಡು ದಿನ ಬಿಟ್ಟು. ಮೊದಲಿನಂತೆ ತೊಡೆ ತಟ್ಟಿ ತೋರಿಸುವುದು ನಿಂತೇ ಹೋಗಿತ್ತು. ಆಕೆ ಚಹಾ ಕೊಟ್ಟರೆ ಸಕ್ಕರೆ ಎಷ್ಟು ಎಂದು ಕೇಳಿ ಕುಡಿಯುವ ಹೊಸ ಅಭ್ಯಾಸವೊಂದು ಶುರುವಾಗಿತ್ತು. ಆಕೆ ಪ್ರತಿ ಸಲವೂ ಚಮಚದ ಲೆಕ್ಕ ಹೇಳುತ್ತಿದ್ದಳು.

ಅಣೆಕಟ್ಟಿನ ಭಾನುವಾರ ಆಕೆಗೆ ಮಾರುಕಟ್ಟೆಯಲ್ಲಿ ತಪಾಸಣೆ ಇತ್ತು. ಹತ್ತೂವರೆಗೆ ಫೋನು ಬಂತು. ಆ ಕಡೆಯಿಂದ ಗಾಳಿಯ ಸದ್ದು, ಯಾರೋ ನಗುವುದು.

"ಮೇಲೆ ಬಂದು ಸೇರಿದೆ," ಎಂದರು ಮೇಷ್ಟ್ರು. "ಕೊನೆಯವನು ನಾನಲ್ಲ. ಲೆಕ್ಕದವರು ಇನ್ನೂ ತಳ್ಕೊಂಡು ಬರ್ತಾ ಇದಾರೆ."

"ನಾಡಿ?"

"ನೂರಾ ಹದಿನೆಂಟು."

ನಿಜವೋ ಸುಳ್ಳೋ ತಿಳಿಯುವ ದಾರಿ ಆಕೆಗಿರಲಿಲ್ಲ. "ಸರಿ," ಎಂದಳು, "ಇಳಿಯುವಾಗ ಬ್ರೇಕ್ ಹಿಡಿದು ಬನ್ನಿ." ಫೋನು ಚೀಲಕ್ಕೆ ಹಾಕಿಕೊಂಡು ಪಕ್ಕದ ತರಕಾರಿ ಅಂಗಡಿಯ ಮೆಟ್ಟಿಲು ಹತ್ತಿದಳು.